ಅರಮನೆಯಲ್ಲಿ ಮಾಯವಾದ ಸೆಲ್ಫಿ ಸ್ಟಿಕ್

"ನೋಡಿದ್ದು ಸಾಕು, ಎಲ್ಲರೂ ಈ ಕಡೆ ನಗಿ!" ಅಪ್ಪ ಸೆಲ್ಫಿ ಸ್ಟಿಕ್ ಎತ್ತಿ ಕೂಗಿದರು.

ನೋಡಿದ್ದೆಲ್ಲಿ ಬಂತು? ಪುಟ್ಟಿ ಆಗಷ್ಟೇ ಅರಮನೆಯೊಳಗೆ ಕಾಲಿಟ್ಟಿದ್ದಳು. ಅಜ್ಜಿ ಇನ್ನೂ ಮೆಟ್ಟಿಲು ಹತ್ತುತ್ತಿದ್ದರು.

ಟೂರ್ ಬಸ್ಸಿನಲ್ಲಿ ರಾಜಧಾನಿ ನೋಡಲು ಬಂದಾಗಿನಿಂದ ಇದೇ ಕತೆ. ಕೋಟೆ ಮುಂದೆ ಫೋಟೊ, ಮ್ಯೂಸಿಯಂ ಮುಂದೆ ಫೋಟೊ, ಅದರಾಚೆಯ ಐಸ್‌ಕ್ರೀಮ್ ಅಂಗಡಿ ಮುಂದೆ ಇನ್ನೂ ಎರಡು. ಅಜ್ಜಿ ಕುಂಟುತ್ತಾ ತಲುಪುವಷ್ಟರಲ್ಲಿ ಗೈಡ್ ಸೀಟಿ ಊದುತ್ತಿದ್ದ. ಪಾಪ, ರಾಜಧಾನಿಯಲ್ಲಿ ಅವರು ಚೆನ್ನಾಗಿ ನೋಡಿದ್ದು ಬಸ್ಸಿನ ಮೆಟ್ಟಿಲನ್ನು ಮಾತ್ರ.

"ಈ ದರ್ಬಾರ್ ಹಾಲ್‌ನ ಚಾವಣಿನಾದ್ರೂ ಕಣ್ತುಂಬಾ ನೋಡ್ತೀನಿ ಕಣೋ. ನನ್ನ ಸ್ಕೂಲ್ ಪುಸ್ತಕದಲ್ಲಿ ಇದರ ಚಿತ್ರ ಇತ್ತು," ಎನ್ನುತ್ತಾ ಅಜ್ಜಿ ಬೆಂಚಿನ ಮೇಲೆ ಕುಳಿತರು.

"ಫೋಟೊ ತೆಗ್ದಿದೀನಮ್ಮ. ಮನೇಲಿ ಸೋಫಾ ಮೇಲೆ ಆರಾಮಾಗಿ ನೋಡು."

"ಲೇಟಾದ್ರೆ ಗಾಜಿನ ಟವರ್ ಕ್ಯಾನ್ಸಲ್!" ಎಂದ ಗೈಡ್.

ಪುಟ್ಟಿ ಅಪ್ಪನ ಕೈ ಹಿಡಿದು ಬಾಗಿಲ ಕಡೆ ಎಳೆದಳು. ಟವರ್‌ನ ಗಾಜಿನ ಲಿಫ್ಟ್‌ಗಾಗಿಯೇ ಅವಳು ಬಂದಿದ್ದಳು.

ಶೂ ಲೇಸ್ ಕಟ್ಟಲು ಅಪ್ಪ ಫೋನನ್ನು ಜೇಬಿಗಿಳಿಸಿ, ಸ್ಟಿಕ್ಕನ್ನು ಅವಳಿಗೆ ಕೊಟ್ಟರು. ಅವಳು ಅದನ್ನು ಅಜ್ಜಿಯ ಪಕ್ಕ ಇಟ್ಟು ನೀರು ಕುಡಿದಳು. ತಿರುಗಿ ನೋಡಿದರೆ ಸ್ಟಿಕ್ ಇಲ್ಲ!

"ಒಂದು ಕೋಲು ಹಿಡ್ಕೊಳ್ಳಕ್ಕೆ ಆಗಲ್ವಾ ನಿಂಗೆ? ಅದಿಲ್ದೆ ಟವರ್ ಮೇಲೆ ಹೋಗಿ ಏನ್ ಮಾಡೋದು, ಸುಮ್ನೆ ನೋಡೋದಾ?" ಅಪ್ಪ ರೇಗಿದರು.

ಶುರುವಾಯಿತು ಹುಡುಕಾಟ. ಬಸ್ಸಿನವರೆಲ್ಲ ಕೈಜೋಡಿಸಿದರು. ಗೈಡ್ ಸಿಂಹಾಸನದ ಕೆಳಗೆ ತಲೆ ತೂರಿಸಿದ. ಅಪ್ಪ ಕಂಬಗಳ ಹಿಂದೆ ಇಣುಕಿದರು.

"ಅರೆ, ಈ ಕಂಬದಲ್ಲಿ ಕುದುರೆ ಕೆತ್ತಿದಾರೆ!" ಎಂದರು ಅಪ್ಪ.

"ಹೌದಾ? ಎಲ್ಲಿ?" ಎಂದು ಗೈಡ್ ಓಡಿಬಂದ.

ಪುಟ್ಟಿ ಬೆಂಚಿನ ಕೆಳಗೆ ಬಗ್ಗಿದಳು. ಅಜ್ಜಿಯ ಶಾಲಿನ ಅಂಚಿನಲ್ಲಿ ಸ್ಟಿಕ್ಕಿನ ಕಪ್ಪು ಹಿಡಿ ಕಾಣಿಸಿತು!

ಅವಳಿಗೆ ಸಿಟ್ಟು ನೆತ್ತಿಗೇರಿತು. ಬಚ್ಚಿಟ್ಟವರು ಅಜ್ಜಿ, ಬೈಸಿಕೊಂಡವಳು ತಾನು! ಈಗಲೇ ಕೂಗಿ ಹೇಳಿದರೆ ಟವರ್‌ಗೆ ಹೋಗಲು ಇನ್ನೂ ಹೊತ್ತಿತ್ತು. ಬಾಯಿ ತೆರೆದು ತಲೆ ಎತ್ತಿದಳು.

ಅಜ್ಜಿಗೆ ಅವಳ ಕಡೆ ಗಮನವೇ ಇರಲಿಲ್ಲ. ಕತ್ತು ಹಿಂದಕ್ಕೆ ವಾಲಿಸಿ, ಚಾವಣಿಯ ನೀಲಿ ಹಕ್ಕಿಗಳನ್ನು ಒಂದೊಂದಾಗಿ ನೋಡುತ್ತಾ ಒಬ್ಬರೇ ನಗುತ್ತಿದ್ದರು.

"ಸಿಕ್ತೇನೇ?" ಅಪ್ಪ ದೂರದಿಂದ ಕೇಳಿದರು.

ಪುಟ್ಟಿ ಶಾಲಿನ ಅಂಚನ್ನು ಮೆಲ್ಲಗೆ ಎಳೆದು ಹಿಡಿಯನ್ನು ಮುಚ್ಚಿದಳು.

"ಇಲ್ಲಪ್ಪ! ಆ ಮೂಲೇಲಿ ನೋಡು!"

ಆಮೇಲೆ ಅಜ್ಜಿಗೆ ಅಂಟಿಕೊಂಡು ಕುಳಿತು, ತಾನೂ ತಲೆ ಎತ್ತಿದಳು.