ದಿನಕ್ಕೆ ಹನ್ನೊಂದು ಯುನಿಟ್

ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ವಾಸನೆ ಬಂದರೆ ನನಗೆ ಈಗಲೂ ಏಳು ವರ್ಷ. ಗಿರಣಿಯ ಕಟ್ಟೆಯ ಮೇಲೆ ಕಾಲಾಡಿಸುತ್ತಾ ಪಾಳಿ ಕಾಯುತ್ತಿದ್ದೆ. ಹಿಟ್ಟು ಮೂಗಿಗೇರಿ ಸೀನುತ್ತಿದ್ದೆ. ಶಾಲೆಯಿಂದ ನಿವೃತ್ತಳಾದ ಮೇಲೆ ಸಂಶಿಯಲ್ಲಿ ರೊಟ್ಟಿ ಕೇಂದ್ರ ತೆರೆದದ್ದಕ್ಕೆ ಜನ ಏನೇನೋ ಕಾರಣ ಹೇಳುತ್ತಾರೆ. ನಿಜವಾದ ಕಾರಣ ಆ ವಾಸನೆ.

ಆದರೆ ಈ ಚಳಿಗಾಲದಲ್ಲಿ ಅದೇ ವಾಸನೆಯ ನಡುವೆ ಕೂತು ನಾನು ಹಲ್ಲು ಕಡಿಯುತ್ತಿದ್ದೆ. ಒಂದು, ತಗಡಿನ ಚಾವಣಿಯ ಮೇಲಿನ ಸೋಲಾರ್ ಪ್ಯಾನೆಲ್‌ಗಳಿಗಾಗಿ. ಇನ್ನೊಂದು, ಅವನ್ನು ಅಳವಡಿಸಿದ ಪ್ರಭು ಅವರಿಗಾಗಿ.

ಮಧ್ಯಾಹ್ನ ಕರೆಂಟ್ ಹೋದರೆ ಗಿರಣಿ ನಿಲ್ಲುತ್ತದೆ, ರೊಟ್ಟಿ ಮಷಿನ್ ನಿಲ್ಲುತ್ತದೆ, ಹತ್ತು ಹೆಣ್ಣುಮಕ್ಕಳು ಗೋಡೆಗೆ ಒರಗಿ ಕೂರುತ್ತಾರೆ. ಹುಬ್ಬಳ್ಳಿಯ ಅಂಗಡಿಯೊಂದು ತಿಂಗಳ ಕೊನೆಗೆ ಇಪ್ಪತ್ತು ಸಾವಿರ ರೊಟ್ಟಿ ಕೇಳಿತ್ತು. ಅದಕ್ಕೇ ಬ್ಯಾಟರಿ ಸಮೇತ ಸೋಲಾರ್ ಹಾಕಿಸಿದೆ.

ಪ್ರಭು ಕುಂದಗೋಳದವರು. ಮೂವತ್ತು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿ, ನಿವೃತ್ತರಾದ ಮೇಲೆ ಈ ಕೆಲಸ ಹಿಡಿದವರು. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಏನು ಕೇಳಿದರೂ ಮೊದಲು ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಕೇಳಿದವರಿಗೆ ಪ್ರಶ್ನೆಯೇ ಮರೆತಿರುತ್ತಿತ್ತು.

ಶಾಲೆಯಲ್ಲಿ ಕಲಿಸಿದವಳೆಂದು ಊರೆಲ್ಲ ನನ್ನನ್ನು ಅಕ್ಕೋರ ಅನ್ನುತ್ತದೆ. ಅವರು ಮಾತ್ರ ಮೇಡಮ್ ಅನ್ನುತ್ತಿದ್ದರು. ಅದನ್ನು ಮೊದಲು ಹಿಡಿದವಳು ರೊಟ್ಟಿ ಬೇಯಿಸುವ ಜೈನಬಿ.

“ಇಡೀ ಊರಿಗೆ ನೀವು ಅಕ್ಕೋರು. ಇವ್ರಿಗಷ್ಟ ಯಾಕ ಅಕ್ಕ ಅನ್ನಾಕ ಬಾಯಿ ಬರವಲ್ದು?”

“ಸುಮ್ನ ರೊಟ್ಟಿ ನೋಡ ಬೇ, ಕೆಂಪಗಾಗಾಕ್ಹತ್ತೈತಿ,” ಎಂದೆ.

“ರೊಟ್ಟಿ ಬೆಳ್ಳಗ ಐತ್ರಿ,” ಎಂದಳು ಅವಳು. “ಕೆಂಪಗಾಗಿದ್ದು ನಿಮ್ಮ ಮಾರಿ.”

ಮೊದಲ ದಿನವೇ ನಮ್ಮಿಬ್ಬರಿಗೂ ಜಗಳವಾಗಿತ್ತು.

“ಮೇಡಮ್, ಹಿತ್ತಲ ಕಡೆ ಕೂಡಸೂಣು. ಮುಂದ ಗಿರಣಿ ಫ್ಯಾನ್ ಐತಿ.”

“ಹಿತ್ತಲದಾಗ ಯಾರು ನೋಡ್ತಾರ್ರಿ? ರಸ್ತಾಕ್ಕ ಕಾಣಂಗ ಮುಂದ ಕೂಡಸ್ರಿ.”

ಅವರು ಕನ್ನಡಕ ಒರೆಸಿದರು. “ಆತ್ರಿ.”

ಮೊದಲ ವಾರ ದಿನಕ್ಕೆ ಇಪ್ಪತ್ತು ಯುನಿಟ್ ಬಂತು. ಆಮೇಲೆ ಹದಿನೇಳು, ಹದಿನಾಲ್ಕು, ಕೊನೆಗೆ ಹನ್ನೊಂದು. ಮೂರು ಗಂಟೆಗೇ ಬ್ಯಾಟರಿ ಖಾಲಿ. ನಾನು ಮೊಬೈಲ್ ತೆರೆದು ಆ ಹನ್ನೊಂದನ್ನು ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು. ಪ್ರಭು ನಾಲ್ಕು ಸಲ ಬಂದು ತಂತಿ ಎಳೆದು ನೋಡಿದರು, ಒಂದು ಬಾಕ್ಸನ್ನು ಬದಲಿಸಿಯೂ ನೋಡಿದರು.

“ವೈರ್ ಸರಿ ಅದಾವ್ರಿ ಮೇಡಮ್.”

“ವೈರ್ ಸರಿ, ಬಾಕ್ಸ್ ಸರಿ, ಸೂರ್ಯ ಸರಿ. ಹಂಗಾದ್ರ ಸರಿ ಇಲ್ಲದಾಕಿ ನಾನಽ ಏನ್ರಿ?”

ಅವರು ನಕ್ಕರು. ನಗುವಾಗ ಎಡಗಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಆ ನಗು ನನಗೆ ಹಿಡಿಸಿತು. ಹಿಡಿಸಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು. ಅರವತ್ತೆರಡು ವರ್ಷ ಒಬ್ಬಳೇ ನೆಟ್ಟಗೆ ಬದುಕಿದವಳು, ಸ್ಕೂಟರ್ ಸದ್ದಿಗೆ ಸೆರಗು ಸರಿಮಾಡಿಕೊಳ್ಳುವುದೆಂದರೇನು?

ಆ ಸಿಟ್ಟೇ ನನ್ನ ಬಾಯಿಂದ ಮಾತಾಡಿತು. ಎಲ್ಲರ ಮುಂದೆಯೇ ಅಂದುಬಿಟ್ಟೆ: “ನಿಮ್ಮ ಕೈಲೆ ಆಗಂಗಿಲ್ಲಂದ್ರ ಹೇಳ್ರಿ, ಬ್ಯಾರೆ ಮಂದೀನ ಕರಸ್ತೀನಿ. ನಾಳಿಂದ ನೀವು ಬರೂದು ಬ್ಯಾಡ.”

ಅವರು ಮತ್ತೊಮ್ಮೆ ಏಣಿ ಹತ್ತಿದರು. ಬಹಳ ಹೊತ್ತಾದ ಮೇಲೆ ಇಳಿದು ಬಂದು ನನ್ನನ್ನು ನೋಡಿದರು, ನನ್ನ ಹಿಂದೆ ನಿಂತ ಹೆಣ್ಣುಮಕ್ಕಳನ್ನು ನೋಡಿದರು. “ಆತ್ರಿ” ಎಂದಷ್ಟೇ ಹೇಳಿ ಹೊರಟುಹೋದರು.

ಮರುದಿನ ಹತ್ತೊಂಬತ್ತು ಯುನಿಟ್. ಅದರ ಮರುದಿನ ಇಪ್ಪತ್ತು. ಸಂಜೆಯವರೆಗೂ ರೊಟ್ಟಿ ಬೀಳುತ್ತಲೇ ಇತ್ತು. ಸ್ಕೂಟರ್ ಮಾತ್ರ ಬರಲಿಲ್ಲ. ಏನು ಸರಿಮಾಡಿದರು ಎಂದಾದರೂ ಹೇಳಿ ಹೋಗಬಾರದೇ? ಫೋನಿನಲ್ಲಿ ಅವರ ಹೆಸರು ತೆಗೆಯುತ್ತಿದ್ದೆ, ಕೆಳಗಿಡುತ್ತಿದ್ದೆ. ಬರಬೇಡ ಎಂದವಳು ನಾನೇ. ಈಗ ಯಾವ ಬಾಯಿಂದ ಕರೆಯಲಿ?

“ಇಪ್ಪತ್ತು ಬಂದ್ರೂ ಅಕ್ಕೋರ ಮಾರಿ ಹನ್ನೊಂದರಾಗಽ ನಿಂತೈತಿ,” ಎಂದಳು ಜೈನಬಿ. ಬೈಯಲೂ ನನಗೆ ಉಮೇದು ಇರಲಿಲ್ಲ.

ಒಂಬತ್ತನೆಯ ದಿನ, ಕೊನೆಯ ಲೋಡ್ ಕಟ್ಟುವುದಿತ್ತೆಂದು ಬೆಳಗಿನ ಆರಕ್ಕೇ ಕೇಂದ್ರಕ್ಕೆ ಹೋದೆ. ಮಳೆಯಿಲ್ಲದ ಕಾಲದಲ್ಲಿ ಮುಂದಿನ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗೋಡೆಯ ಮರೆಯಲ್ಲಿ ಸ್ಕೂಟರ್ ನಿಂತಿತ್ತು. ಏಣಿಯ ಮೇಲೆ ಕಿವಿಗೆ ಮಫ್ಲರ್ ಸುತ್ತಿಕೊಂಡ ಪ್ರಭು, ಒಂದು ಬಕೆಟ್ಟು, ಒದ್ದೆ ಅರಿವೆ.

“ಬರಬ್ಯಾಡ ಅಂದಿದ್ರಲ್ಲ ಮೇಡಮ್,” ಎಂದರು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ. “ಅದಕ್ಕ ನೀವು ಬರೂ ಮೊದ್ಲ ಬಂದು ಹೋಗ್ತಿದ್ದೆ.”

ಕೆಳಗಿಳಿದು ನನ್ನ ಅಂಗೈಯಲ್ಲಿ ಬಿಳಿಯ ಹಕ್ಕಳೆಯೊಂದನ್ನು ಇಟ್ಟರು. ಕಾಗದದಷ್ಟು ತೆಳುವು, ಮುಟ್ಟಿದರೆ ಪುಡಿ. ಗಿರಣಿಯ ಫ್ಯಾನ್ ಹೊರಗೆ ಊದಿದ ಹಿಟ್ಟು ಪ್ಯಾನೆಲ್ ಮೇಲೆ ಕೂತು, ಇಬ್ಬನಿಗೆ ಕಲಸಿಕೊಂಡು, ಬಿಸಿಲಿಗೆ ಬೆಂದಿತ್ತು.

“ನಿಮ್ಮ ಜೈನಬಿಗಿಂತ ತೆಳ್ಳಗ ಬೇಯಿಸ್ಯಾನ್ರಿ ಸೂರ್ಯ.”

ನನಗೆ ನಗು ಬರಲಿಲ್ಲ. ಮುಂದೆಯೇ ಕೂಡಿಸಿ ಎಂದು ಹಟ ಹಿಡಿದವಳು ನಾನು.

“ಅವತ್ತಽ ಹೇಳಬೇಕಿತ್ತಲ್ರಿ, ತಪ್ಪು ನಿಮ್ದು ಅಂತ.”

“ಹತ್ತು ಮಂದಿ ಹೆಣ್ಮಕ್ಕಳ ಮುಂದ ನಿಮಗ ಹೆಂಗ ಹಂಗ ಅನ್ಲಿ? ಫ್ಯಾನ್ ಹಿಂದಕ್ಕ ತಿರುಗಸ್ಬೇಕಂದ್ರ ಗಿರಣಿ ಎರಡು ದಿನ ಬಂದ್. ಆರ್ಡರ್ ಮುಗೀಲಿ ಅಂತ ದಿನಾ ತೊಳದು ಹೋದೆ.”

ತಣ್ಣೀರಿನಲ್ಲಿ ಅವರ ಬೆರಳು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು. ಒಂಬತ್ತು ನಸುಕು, ಈ ಚಳಿಯಲ್ಲಿ. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಬಕೆಟ್ಟಿನ ಕಡೆ ನೋಡಿದೆ.

“ಶನಿವಾರ ಫ್ಯಾನ್ ತಿರುಗಸ್ತೀನ್ರಿ.”

“ಆಮ್ಯಾಲೆ?”

ಈ ಸಲ ಅವರು ಕನ್ನಡಕ ಒರೆಸಲಿಲ್ಲ. “ಆಮ್ಯಾಲೆ ಇಲ್ಲಿ ನನಗ ಕೆಲಸ ಇರಂಗಿಲ್ಲ. ಅದಽ ಚಿಂತಿ ಆಗೇತ್ರಿ.”

“ಕೆಲಸ ಇಲ್ದಿದ್ರೂ ಬರ್ರಿ,” ಎಂದೆ. ಅಂದದ್ದು ನಾನೇ ಎಂದು ನನಗೇ ಅಚ್ಚರಿ. “ಬಾಯಿಗೆ ಬಂದಂಗ ಮಾತಾಡಿದೆ. ನೀವು ಬರದಽ ಇದ್ರ ನನಗ ಚಲೋ ಅನ್ಸೂದಿಲ್ಲ.”

“ಊರು ಮಾತಾಡ್ತೈತ್ರಿ.”

“ಜೈನಬಿ ಒಂದು ತಿಂಗಳಿಂದ ಮಾತಾಡಾಕ್ಹತ್ಯಾಳ. ಊರಽ ಭಾಳ ಲೇಟ್.”

ಎಡಗಣ್ಣು ಪೂರ್ತಿ ಮುಚ್ಚಿಹೋಯಿತು.

“ನಸುಕಿನ್ಯಾಗ ಎದ್ದು ಬಂದೀರಿ. ಏನರ ತಿಂದೀರೇನು?” ಎಂದು ಕೇಳಿದರು.

ನಾನು ಇಲ್ಲವೆಂದು ತಲೆಯಾಡಿಸಿದೆ.

ಅವರು ಸ್ಕೂಟರಿನ ಸೀಟು ಎತ್ತಿ, ಟವೆಲ್ಲಿನಲ್ಲಿ ಸುತ್ತಿದ ಬುತ್ತಿ ತೆಗೆದರು. ಹೆಸರುಬೇಳೆ ಖಿಚಡಿ, ಮೂಲೆಯಲ್ಲಿ ಲಿಂಬೆ ಉಪ್ಪಿನಕಾಯಿ. ಒಬ್ಬರಿಗೆ ಆಗುವಷ್ಟು, ಒಂದೇ ಚಮಚ. ಚಮಚವನ್ನು ಒರೆಸಿ, ಬುತ್ತಿಯ ಸಮೇತ ನನ್ನ ಕೈಗೆ ಕೊಟ್ಟರು.