ಹೆಸರೆತ್ತಬಾರದ ನಾಯಕ

ಬಾಹ್ಯಾಕಾಶದ ಆ ಧಾರಾವಾಹಿಯನ್ನು ಟೀವಿಯವರು ನಿಲ್ಲಿಸಿದ ಮೇಲೆ, ಅಭಿಮಾನಿಗಳಾದ ನಾವೇ ಇಂಗ್ಲೆಂಡಿನ ಕೆಂಟ್ ಸೀಮೆಯ ಸುಣ್ಣಕಲ್ಲಿನ ಕ್ವಾರಿಯಲ್ಲಿ ಅದರದೊಂದು ಉಪಕಥೆಯನ್ನು ವಿಡಿಯೊ ಚಿತ್ರ ಮಾಡಿದೆವು. ನಾಯಕನ ಪಾತ್ರದ ಹಕ್ಕು ಟೀವಿಯವರದು. ನಾವು ಅವನ ಹೆಸರನ್ನೂ ಎತ್ತುವಂತಿರಲಿಲ್ಲ. ಆ ಪಾತ್ರ ಮಾಡಿದ ನಟ ತೀರಿಕೊಂಡೂ ಆಗಿತ್ತು. ಹಾಗಾಗಿ ಧಾರಾವಾಹಿಯಲ್ಲಿ ನಾಯಕನ ಜೊತೆಗಾತಿಯಾಗಿದ್ದ ನಟಿ ಗ್ಲೆನಿಸ್, ನಾವು ಕ್ವಾರಿಯಲ್ಲಿ ನಿಲ್ಲಿಸಿದ್ದ ಖಾಲಿ ಬಾಗಿಲಿನ ಎದುರು ನಿಂತು, ಅವನು ಒಳಗಿದ್ದಾನೆ ಎಂಬಂತೆ ಮಾತಾಡಬೇಕಿತ್ತು.

ಜೂನ್ ತಿಂಗಳ ಬಿಸಿಲು. ಬಾಗಿಲ ಹತ್ತಿರ ಮಾತ್ರ ಆಕೆಯ ಬಾಯಿಂದ ಹಬೆ ಬರುತ್ತಿತ್ತು. ಒಂದೊಂದು ಮಾತಾದ ಮೇಲೂ ನಿಲ್ಲಿಸಿ ತಲೆಯಾಡಿಸುತ್ತಿದ್ದರು.

"ಎಷ್ಟೊತ್ತು ಸುಮ್ನಿರ್ತೀರಿ ಗ್ಲೆನಿಸ್? ಟೇಪ್ ಓಡ್ತಿದೆ!" ಎಂದೆ.

"ಅವನು ಮಾತಾಡ್ತಿರೋವಾಗ ಮಧ್ಯೆ ಬಾಯಿ ಹಾಕ್ಲೇನಪ್ಪಾ?"

ಎಲ್ಲರೂ ನಕ್ಕೆವು. ಆ ಚಳಿಗಾಲದಲ್ಲಿ ಗ್ಲೆನಿಸ್ ಕೂಡ ಹೋಗಿಬಿಟ್ಟರು.

ನಮ್ಮ ಚಿತ್ರದ ಕ್ಯಾಸೆಟ್ ಮಾರಾಟಕ್ಕೆ ಬಂದ ವಾರವೇ ಟೀವಿಯವರ ವಕೀಲ ಫೋನಿನಲ್ಲಿ ಗದರಿದ: "ನಾಯಕನ ದನಿ ಬಳಸೋಕೆ ಯಾರ್ರೀ ಒಪ್ಪಿಗೆ ಕೊಟ್ಟಿದ್ದು?"

ಕ್ಯಾಸೆಟ್ ಕೊಂಡವರಿಗೆಲ್ಲ ಅವನ ದನಿ ಕೇಳಿಸುತ್ತದಂತೆ. ಅವನಿಗಾಗಿ ಇಷ್ಟೆಲ್ಲ ಮಾಡಿದ ನಮಗೆ ಮಾತ್ರ, ಎಷ್ಟು ಸಲ ಹಾಕಿದರೂ, ಗ್ಲೆನಿಸ್ ಸುಮ್ಮನೆ ತಲೆಯಾಡಿಸುವುದಷ್ಟೇ ಕಾಣುತ್ತದೆ.