ಕರಿ ಅಂಟಿನ ಕೆಳಗೆ

"ನನ್ನ ಮಷೀನ್ ಒಡದಾನ ಅಂತ ಎದುರಂಗಡಿ ಮಾಲತೇಶನ ಮ್ಯಾಲೆ ಸಂಜಿಗೆ ಕಂಪ್ಲೇಂಟ್ ಕೊಡಾಂವ ಅದೀನ್ರಿ. ಅದಕ್ಕೂ ಮೊದಲ ನೀವು ಬಂದು ನೋಡಿ, ಹೌದು ಅಂದ್ರ ಸಾಕು," ಎಂದು ರಾಣೆಬೆನ್ನೂರಿನ ಪ್ರೇಮಕುಮಾರ ಹಾವೇರಿಗೆ ಬಂದು ಕೈಮುಗಿದಾಗ, ಉಡಚಪ್ಪ ಮರುಮಾತಿಲ್ಲದೆ ಚಪ್ಪಲಿ ಮೆಟ್ಟಿದ. ಕೋರ್ಟಿನ ಬೇಲಿಫ್ ಆಗಿ ಮನೆಮನೆ ಜಪ್ತಿ ಮಾಡಿ ನಿವೃತ್ತನಾದವನು ಅವನು. ಮನೆಯ ಸಾಮಾನು ನೋಡಿಯೇ ಸುಳ್ಳು-ನಿಜ ಹೇಳುತ್ತಾನೆಂದು ಸುತ್ತಲ ಊರುಗಳಲ್ಲಿ ಹೆಸರಾಗಿದ್ದ. ಅದೇ ಕೋರ್ಟಿನಲ್ಲಿ ಜೊತೆಗೇ ದುಡಿದ ಫಕ್ಕೀರಪ್ಪನನ್ನು ಮಾತ್ರ ಯಾರೂ ಹೀಗೆ ಹುಡುಕಿಕೊಂಡು ಬಂದಿರಲಿಲ್ಲ. ಅದು ಅವನಿಗೆ ಒಳಗೊಳಗೇ ಉರಿಯುತ್ತಿತ್ತು. ಆದರೂ ಗೆಳೆಯನ ಹಿಂದೆಯೇ ಬಸ್ಸು ಹತ್ತಿದ.

ಎರಡು ಸಾವಿರದ ಆರನೇ ಇಸವಿಯ ಮಾತು. ಪ್ರೇಮಕುಮಾರ ಮಾರುತ್ತಿದ್ದುದು ಹೆಡ್‌ಫೋನಿಗೆ ಜೋಡಿಸುವ ಆಂಪ್ಲಿಫೈಯರ್. ಅದರಲ್ಲಿ ಹಾಡುವವರ ಉಸಿರು ಕೂಡ ಕೇಳುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಓದಿ ಪರದೇಶದವರೂ ತರಿಸಿಕೊಳ್ಳುತ್ತಿದ್ದರು. ಯಾರೂ ನಕಲು ಮಾಡಬಾರದೆಂದು ಒಳಗಿನ ಬೋರ್ಡಿನ ಮೇಲೆ ಕರಿ ಅಂಟು ಸುರಿದು ಕಲ್ಲಿನಂತೆ ಗಟ್ಟಿ ಮಾಡಿರುತ್ತಿದ್ದ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಬಾಬಾಜಾನ ಈ ಧಂದೆಗೆ ಹಣ ಹಾಕಲು ಒಪ್ಪಿದ್ದರು. ಷರತ್ತು ಒಂದೇ: "ಚೀಲ ಬಿಚ್ಚಿ ಕೈ ಹಾಕಿ ನೋಡದೆ ನಾವು ಕಾಯಿ ತಗೊಳ್ಳೂದಿಲ್ಲ. ಇದನ್ನೂ ಬಿಚ್ಚಿ, ಒಳಗ ಯಾವುದು ಏನ ಮಾಡತೈತಿ ಅಂತ ತಿಳಿಸಿ ಹೇಳ್ರಿ." ಬಿಚ್ಚಿ ತೋರಿಸಬೇಕಾದ ದಿನವೇ ಮನೆಯಲ್ಲಿದ್ದ ಒಂದೇ ಆಂಪ್ಲಿಫೈಯರಿನ ಬೋರ್ಡು ಪುಡಿಯಾಗಿತ್ತು.

ಪ್ರೇಮಕುಮಾರನ ಕೆಲಸದ ಕೋಣೆಯ ಹಿತ್ತಲ ಬಾಗಿಲಿಗೆ ಚಿಲಕವಿರಲಿಲ್ಲ. ಯಾರು ಬೇಕಾದರೂ ಬರಬಹುದಿತ್ತು. ನೆಲದ ಮೇಲೆ ಸುತ್ತಿಗೆ, ಸುತ್ತ ಕರಿ ಚೂರುಗಳು. ಬೋರ್ಡು ಕೂರಿಸುವ ಸಾಗವಾನಿ ಪೆಟ್ಟಿಗೆ ಮಾತ್ರ ಮಖಮಲ್ಲು ಬಟ್ಟೆ ಸುತ್ತಿಸಿಕೊಂಡು ಹಲಗೆಯ ಮೇಲಿತ್ತು. ಅದರ ಸ್ಕ್ರೂಗಳನ್ನು ಯಾರೋ ಬಟ್ಟಲಲ್ಲಿ ಒಟ್ಟುಗೂಡಿಸಿ ಇಟ್ಟಿದ್ದರು.

"ಪೆಟ್ಟಿಗಿ ಭಾಳ ಚಂದ ಐತಿ," ಎಂದ ಉಡಚಪ್ಪ, ಬಟ್ಟೆಯ ಅಂಚು ಎತ್ತಿ ನೋಡಿ.

"ನಾನ ಮಾಡಿದ್ದುರಿ. ಪಾಲಿಶ್ ಕೂಡ ನಂದ," ಎಂದು ಪ್ರೇಮಕುಮಾರ ಬಟ್ಟೆ ಪೂರ್ತಿ ಸರಿಸಿ ತೋರಿಸಿದ.

ಅವನ ಹೆಂಡತಿ ಮಹೇಶ್ವರಿ ಚೂರುಗಳನ್ನು ತಾಟಿನಲ್ಲಿ ಬೇರೆಬೇರೆ ಮಾಡಿ ಇಡುತ್ತಿದ್ದಳು. "ಇದನ್ನ ಬದಲಿ ಮಾಡಿದ ಮ್ಯಾಲೆನ ಹಾಡಿನ ಹಿಂದಿನ ಗೊರಗೊರ ಸದ್ದು ನಿಂತಿತ್ತು," ಎಂದು ಒಂದನ್ನು ಕೈಯಲ್ಲಿ ಹಿಡಿದಳು.

"ನೀ ಒಳಗ ಹೋಗು," ಎಂದು ಪ್ರೇಮಕುಮಾರ ಗದರಿಸಿದ.

"ಅದರ ಕೆಲಸ ಏನ್ರಿ?" ಎಂದು ಉಡಚಪ್ಪ ಅವನನ್ನು ಕೇಳಿದ.

"ಧಂದೆದ ಗುಟ್ಟು. ಹೇಳಾಕ ಬರೂದಿಲ್ಲ."

ಎದುರಿಗೇ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮಾಲತೇಶ ಏನನ್ನೂ ಮುಚ್ಚಿಡಲಿಲ್ಲ. "ಹೊಟ್ಟಿಕಿಚ್ಚು ಐತ್ರಿ. ಅದರಾಗ ಏನೈತಿ ಅಂತ ನೋಡೂದ ನನಗ ದೊಡ್ಡ ಆಶಾ ಆಗೇತಿ. ಪುಡಿ ಮಾಡಿದ್ರ ಏನ ನೋಡ್ಲಿ?"

"ಮಾಡಿದಾಂವ ಇವನ," ಎಂದು ಫಕ್ಕೀರಪ್ಪ ಗೆಳೆಯನ ಕಿವಿಯಲ್ಲಿ ಪಿಸುಗುಟ್ಟಿದ. ಒಮ್ಮೆಯಾದರೂ ತಾನು ಮೊದಲು ಹೇಳಬೇಕೆಂಬ ಚಪಲ ಅವನದು. ಉಡಚಪ್ಪ ನಕ್ಕು ಮತ್ತೆ ಕೋಣೆಯ ಕಡೆ ನಡೆದ.

ಸಂಜೆ ಬಾಬಾಜಾನ ಬಂದ ಮೇಲೆ ಮಾಲತೇಶನೂ ಸೇರಿ ಎಲ್ಲರೂ ಕೋಣೆಯಲ್ಲಿ ಕೂತರು.

"ಕಳ್ಳ ಆಗಿದ್ರ ಪೆಟ್ಟಿಗಿ ಸಮೇತ ಒಯ್ಯತಿದ್ದ," ಎಂದು ಉಡಚಪ್ಪ ಶುರು ಮಾಡಿದ. "ನಕಲ ಮಾಡಾಂವ ಅಂಟು ನಾಜೂಕಾಗಿ ಬಿಡಸ್ತಿದ್ದ. ಮಾಲತೇಶ ಕಿಚ್ಚಿನಿಂದ ಬಂದಿದ್ರ ಪೆಟ್ಟಿಗಿನೂ ಒಡೀತಿದ್ದ. ಇಲ್ಲಿ ಅದನ್ನ ಮಖಮಲ್ಲಿನಾಗ ಸುತ್ತಿ ಇಟ್ಟಾರ. ಜಪ್ತಿಗೆ ಹೋದಾಗ ನೋಡೇನಿ, ತಾನು ಕೈಯಾರೆ ಮಾಡಿದ್ದನ್ನ ಮನಷ್ಯಾ ಮೊದಲ ಉಳಿಸಿಕೋತಾನ. ಪ್ರೇಮಕುಮಾರ, ಪೆಟ್ಟಿಗಿ ನಿಮ್ದು. ಬೋರ್ಡು ಯಾರ್ದು?"

ಪ್ರೇಮಕುಮಾರ ಪೆಟ್ಟಿಗೆಗೆ ಮತ್ತೆ ಬಟ್ಟೆ ಸುತ್ತತೊಡಗಿದ.

"ಹೋಗಲಿ, ಗೊರಗೊರ ಹೆಂಗ ನಿಲ್ಲಿಸಿದ್ರಿ? ಬಾಬಾಜಾನ ಅವರ ಕಿವ್ಯಾಗ ಹೇಳ್ರಿ, ಗುಟ್ಟು ಉಳೀತೈತಿ."

ಅವನ ಕಣ್ಣು ತಾನಾಗಿ ಹೆಂಡತಿಯ ಕಡೆ ಹೋಯಿತು. ಅಷ್ಟರಲ್ಲೇ ಎಲ್ಲರಿಗೂ ತಿಳಿಯಿತು.

"ಅಂಟಿನ ಕೆಳಗ ಮುಚ್ಚಿಟ್ಟಿದ್ದು ಹೆಂಡತಿ ಕೆಲಸ," ಎಂದ ಉಡಚಪ್ಪ. " ಇವತ್ತ ಬಿಚ್ಚಿದ್ರ ತಿಳಿಸಿ ಹೇಳಬೇಕಿತ್ತು. ಹೇಳಾಕ ಬರ್ತಿರಲಿಲ್ಲ. ಅದಕ್ಕ ಒಡದು, ಮಾಲತೇಶನ ಹೆಸರು ಹೇಳಿದ್ರಿ."

ಪ್ರೇಮಕುಮಾರ ತಲೆ ತಗ್ಗಿಸಿದ. "ಎಲ್ಲಾರೂ ಧ್ವನಿ ಹೊಗಳತಾರ್ರಿ. ಪೆಟ್ಟಿಗಿ ಚಂದ ಐತಿ ಅಂತ ನಿಮ್ಮ ಬಿಟ್ಟು ಒಬ್ಬರೂ ಅನ್ನಲಿಲ್ಲ."

ಫಕ್ಕೀರಪ್ಪನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ. ಆ ಉರಿ ಎಂಥದ್ದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇನ್ನೊಂದ ಮಾಡಾಕ ಬರ್ತೈತೇನವಾ?" ಎಂದು ಬಾಬಾಜಾನ ಕೇಳಿದರು.

"ಬರ್ತೈತ್ರಿ. ಅಂಟು ಮಾತ್ರ ಹಾಕೂದಿಲ್ಲ." ಮಹೇಶ್ವರಿ ಮಾಲತೇಶನ ಕಡೆ ತಿರುಗಿದಳು. "ಅಣ್ಣಾ, ನಾಳೆ ನಿಮ್ಮ ಅಂಗಡ್ಯಾಗ ಕುಂತು ಮಾಡ್ತೇನಿ. ಪೂರಾ ನೋಡ್ರಿ."

ಪ್ರೇಮಕುಮಾರ ತಟ್ಟನೆ ತಲೆಯೆತ್ತಿದ. "ಅವನ ಮುಂದ? ನೋಡಿದ ಅಂದ್ರ ಅವನೂ ಮಾಡತಾನ."

"ಮಾಡಲಿ," ಎಂದಳು ಮಹೇಶ್ವರಿ. "ಮಹೇಶ್ವರಿ ಕಡೆ ಕಲತೆ ಅಂತ ಅವರಾದ್ರೂ ಹೇಳತಾರ."